ಕೈಗಡ ಸಾಲವನ್ನು ತೀರಿಸುವ ಕ್ರಮ

ತಿರ್ಲಾಪುರದ ಎರೆಭೂಮಿಯಲ್ಲಿ ಹೆಸರು ಶ್ರಾವಣ-ಭಾದ್ರಪದಗಳಲ್ಲಿಯೂ ಕಡಲೆ ಪುಷ್ಯ-ಮಾಘಗಳಲ್ಲಿಯೂ ಕೈಸೇರುವುವು. ಹಣವು ಸುಗ್ಗಿಗೆ ಮಾತ್ರ ಬರುವುದು. ಬಡ್ಡಿಯಾದರೋ ತಿಂಗಳು ತಿಂಗಳಿಗೂ ಬೆಳೆಯುವುದು.

ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂಬುದು ಕೇಳುವುದಕ್ಕೆ ಅಲ್ಪ. ಈ ದರದಲ್ಲಿ 50,000 ರೂಪಾಯಿಗೆ ವರ್ಷದ ಬಡ್ಡಿ 18,000. ಪ್ರತಿವರ್ಷ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಪತ್ರ ಬರೆದುಕೊಟ್ಟಲ್ಲಿ ಮೂರು ವರ್ಷಕ್ಕೆ ಋಣವು 1,25,772 ರೂಪಾಯಿಯಾಗುವುದು. ಆದಕಾರಣ ದೊಡ್ಡ ಸಾಲವನ್ನಲ್ಲ, ಬಡ್ಡಿ ಹೆಚ್ಚಾದ ಸಾಲವನ್ನು ಮೊದಲು ತೀರಿಸತಕ್ಕದ್ದು.

ಸಹಕಾರಿ ಸಂಘದ ವಾಯಿದೆಯನ್ನು ಮಾತ್ರ ತಪ್ಪಿಸಲಾಗದು. ರಾಜ್ಯದಲ್ಲಿ ಬಡ್ಡಿರಹಿತ ಬೆಳೆಸಾಲದ ಮಿತಿಯು 2023ರಲ್ಲಿ 5 ಲಕ್ಷಕ್ಕೆ ಏರಿತು. ಆದರೆ ಈ ಸವಲತ್ತು ವಾಯಿದೆಯೊಳಗೆ ಕಟ್ಟಿದವರಿಗೇ ಸಲ್ಲುವುದು. ವಾಯಿದೆಯ ದಿನ ಕೈಗಡ ತಂದು ಸಂಘಕ್ಕೆ ಕಟ್ಟಿ, ಹೊಸ ಸಾಲ ಬಂದೊಡನೆ ಅದನ್ನು ಮದುವೆಗೆ ವೆಚ್ಚ ಮಾಡುವ ರೂಢಿಯೇ ಅನರ್ಥಕ್ಕೆ ಮೂಲ. ಸಂಘದ ಋಣ ಹಾಗೆಯೇ ಉಳಿದು, ಅದರ ಮೇಲೆ ನೂರಕ್ಕೆ 36ರ ಕೈಗಡವೂ ನಿಲ್ಲುವುದು. ಬಂದ ಹಣದಿಂದ ಅದೇ ದಿನ ಕೈಗಡವನ್ನು ಮುಗಿಸಬೇಕು.

ಇಂಥ ಬಡ್ಡಿಯಿಂದ ರೈತರನ್ನು ಬಿಡಿಸುವುದಕ್ಕಾಗಿಯೇ 1904ರ ಕಾನೂನಿನ ಮೇರೆಗೆ, 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಂಘವು ಸ್ಥಾಪಿತವಾಯಿತು. ಅದನ್ನು ಕಟ್ಟಿದವರು ಹಳ್ಳಿಯವರೇ ಎಂಬುದನ್ನು ಊರ ಹಿರಿಯರು ಮನಗಾಣಬೇಕು.

ಲೇವಾದೇವಿ ಮಾಡುವವನಿಗೆ 1961ರ ಕಾಯದೆಯಂತೆ ಪರವಾನಗಿ ಇರತಕ್ಕದ್ದು. ಕಟ್ಟಿದ ಪ್ರತಿ ಕಂತಿಗೂ ರಸೀದಿ ಪಡೆಯಿರಿ. ಸಾಲ ತೀರಿದ ದಿನವೇ ಪತ್ರವನ್ನೂ, ಸಹಿಮಾಡಿ ಕೊಟ್ಟ ಖಾಲಿ ಚೆಕ್ಕನ್ನೂ ಹಿಂದಕ್ಕೆ ಪಡೆದುಕೊಳ್ಳಿರಿ.