ಹೆಡ್ ಬೋಲ್ಟಿಗೆ ಕೈಯ ಬಲ ಅಳತೆಯಲ್ಲ

ತಮ್ಮಾ, ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿಯನ್ನೇ ಕಸುಬಾಗಿ ಹಿಡಿಯುತ್ತೇನೆ ಎಂದೆ. ಬಹಳ ಸಂತೋಷ. ಉಳಿದ ಕೆಲಸ ನೋಡನೋಡುತ್ತಾ ಬರುತ್ತದೆ. ಹೆಡ್ ಬೋಲ್ಟ್ ಬಿಗಿಯುವ ಬಗ್ಗೆ ಮಾತ್ರ ಮೊದಲೇ ಹೇಳಿಬಿಡಬೇಕು. ಕಾರ್ಬುರೇಟರ್ ಕೆಲಸ ಕೆಟ್ಟರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ, ದೋಣಿ ದಡದಲ್ಲೇ ಉಳಿಯುತ್ತದೆ. ಹೆಡ್ ಕೆಲಸ ಕೆಟ್ಟದ್ದು ದಡದಲ್ಲಿ ತಿಳಿಯುವುದಿಲ್ಲ. ಎಂಜಿನ್ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಬಿಸಿಯೇರಿ ಭಾರ ಬಿದ್ದಾಗ ಕೈಕೊಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನ, 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿಕೊಂಡು ಕಡಲಿಗಿಳಿಯುವವರು ನಮ್ಮ ನಾಡದೋಣಿಯವರು. ಮಳೆಗಾಲದ ಗಂಗೊಳ್ಳಿ ಅಳಿವೆಯಲ್ಲಿ, ತೆರೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದು ಕಡಲ ಬದಿಯಲ್ಲಿ ಬೆಳೆದ ನಿನಗೆ ಗೊತ್ತು.

ನಮ್ಮ ಎಂಜಿನ್‌ಗಳ ಹೆಡ್ ಪದೇಪದೇ ಬಿಚ್ಚಬೇಕಾಗುತ್ತದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಟೂ ಸ್ಟ್ರೋಕ್ ಎಂಜಿನ್ ಅಲ್ಲವೇ, ಪಿಸ್ಟನ್ ತಲೆಯ ಮೇಲೆ ಮಸಿ ಬೇಗ ಗಟ್ಟಿಯಾಗುತ್ತದೆ. ಬೋಲ್ಟ್ ಉಕ್ಕಿನದು, ಅದು ಕಚ್ಚಿಕೊಳ್ಳುವ ಬ್ಲಾಕ್ ಅಲ್ಯೂಮಿನಿಯಂನದು. ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ, ಬೋಲ್ಟ್ ಅಲ್ಲೇ ಹಿಡಿದುಕೊಳ್ಳುತ್ತದೆ. ಅಂಥದ್ದನ್ನು ಪೈಪು ಸಿಕ್ಕಿಸಿ ಜಗ್ಗಬೇಡ, ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡು. ಮರುದಿನ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡು, ಅದು ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ. ಆದರೆ ಎಣ್ಣೆಯನ್ನೂ ಪೆಟ್ರೋಲನ್ನೂ ಚೆನ್ನಾಗಿ ಒರೆಸಿ ದೂರ ಇಟ್ಟ ಮೇಲೆಯೇ ಬೆಂಕಿ ಹತ್ತಿರ ತರಬೇಕು. ಆಮೇಲೆ ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ, ಮತ್ತೆ ಬಿಚ್ಚು. ಹೊರಗಿನ ಬೋಲ್ಟ್‌ಗಳಿಂದ ಒಳಕ್ಕೆ ಬಾ.

ಈಗ ಬಿಗಿಯುವ ವಿಷಯ. ಬೋಲ್ಟ್ ತಿರುಗಿಸಲು ನೀನು ಹಾಕುವ ಬಲದಲ್ಲಿ ಹೆಡ್ಡನ್ನು ಒತ್ತಿ ಹಿಡಿಯುವ ಕೆಲಸಕ್ಕೆ ಸಿಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಮಿಕ್ಕದ್ದೆಲ್ಲ ಬೋಲ್ಟಿನ ತಲೆಯಡಿಯ ತಿಕ್ಕಾಟಕ್ಕೂ ಥ್ರೆಡ್ಡಿನ ತಿಕ್ಕಾಟಕ್ಕೂ ಹೋಗುತ್ತದೆ. ಒಂದು ಬೋಲ್ಟಿನ ಥ್ರೆಡ್ಡಿನಲ್ಲಿ ಉಪ್ಪು, ಇನ್ನೊಂದರಲ್ಲಿ ಎಣ್ಣೆ ಇದ್ದರೆ ಎರಡನ್ನೂ ಒಂದೇ ಬಲದಿಂದ ತಿರುಗಿಸಿದರೂ ಒತ್ತಡ ಒಂದೇ ಆಗಿರುವುದಿಲ್ಲ. ಕೈಗೆ ಎರಡೂ ಬಿಗಿಯಾಗಿಯೇ ಕಾಣುತ್ತವೆ. ಕೈಯನ್ನು ನಂಬಬೇಡ ಎನ್ನುವುದು ಇದಕ್ಕೇ, ನಿನ್ನ ಕೈಯ ಮೇಲೆ ನನಗೆ ಗುಮಾನಿ ಇದ್ದು ಅಲ್ಲ. ಆದ್ದರಿಂದ ಎಲ್ಲ ಬೋಲ್ಟನ್ನೂ ತಂತಿ ಬ್ರಷ್‌ನಿಂದ ಉಜ್ಜು, ತೂತುಗಳನ್ನು ಗಾಳಿ ಊದಿ ಒಣಗಿಸು. ತಳ ಮುಚ್ಚಿದ ತೂತಿನಲ್ಲಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಬ್ಲಾಕೇ ಬಿರುಕು ಬಿಡಬಹುದು. ಥ್ರೆಡ್ಡಿಗೆ ಎಣ್ಣೆ ಸವರಬೇಕೋ ಒಣಗಿಯೇ ಹಾಕಬೇಕೋ ಎಂದು ಆ ಎಂಜಿನ್ನಿನ ಮ್ಯಾನುಯಲ್ ಹೇಳುತ್ತದೆ. ಅದರಂತೆ ನಡೆ. ಗ್ರೀಸು ಮೆತ್ತಿ ಮ್ಯಾನುಯಲ್ ಕೊಟ್ಟ ಅಳತೆಗೇ ಬಿಗಿದರೆ ಬೋಲ್ಟಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಎಳೆತ ಬೀಳುತ್ತದೆ.

ಹೆಡ್ಡಿನ ಮೈ ಸಮತಟ್ಟಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡು. ಗ್ಯಾಸ್ಕೆಟ್ ಪ್ರತಿ ಸಲವೂ ಹೊಸದೇ. ಒಮ್ಮೆ ಅಮುಕಿದ ಗ್ಯಾಸ್ಕೆಟ್ಟಿಗೆ ಮತ್ತೆ ಅಮುಕಿಕೊಳ್ಳುವ ಗುಣ ಇರುವುದಿಲ್ಲ.

ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ಕೂರಿಸು. ನಡುವಿನಿಂದ ಶುರು ಮಾಡಿ ಎದುರುಬದುರಾಗಿ ಹೊರಗೆ ಹೋಗು. ಹಲಸಿನ ಹಪ್ಪಳ ಒತ್ತುವಾಗ ನಡುವೆ ಅಮುಕಿದರಲ್ಲವೇ ಹಿಟ್ಟು ಸುತ್ತಲೂ ಸಮನಾಗಿ ಹರಡುವುದು, ಗ್ಯಾಸ್ಕೆಟ್ ಕೂರುವುದೂ ಹಾಗೆಯೇ. ಹಲವು ಎಂಜಿನ್‌ಗಳ ಹೆಡ್ಡಿನ ಮೇಲೆ ಬಿಗಿಯುವ ಕ್ರಮದ ಅಂಕಿ ಎರಕದಲ್ಲೇ ಮೂಡಿರುತ್ತದೆ, ಮಸಿ ಒರೆಸಿ ನೋಡು. ಮೊದಲ ಸುತ್ತಿನಲ್ಲಿ ಅರ್ಧ ಅಳತೆ, ಎರಡನೆಯದರಲ್ಲಿ ಪೂರ್ತಿ. ಒಂದೇ ಸಲಕ್ಕೆ ಪೂರ್ತಿ ಬಿಗಿದರೆ ಹೆಡ್ ಒಂದು ಬದಿಗೆ ಬಾಗುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಆ ಅಳತೆ ತಿಳಿಸುವ ಟಾರ್ಕ್ ರೆಂಚನ್ನು ಹಿಡಿಯ ನಡುವೆ ಹಿಡಿದು ನಿಧಾನವಾಗಿ ಎಳೆ. ಟಿಕ್ ಎಂದೊಡನೆ ನಿಲ್ಲಿಸು. ಇನ್ನೂ ಒಂದು ಕೈ ಎಂದು ಆಮೇಲೆ ಹಾಕುವ ಎಳೆತವೇ ಅಲ್ಯೂಮಿನಿಯಂ ಥ್ರೆಡ್ಡನ್ನು ಕಿತ್ತು ತರುವುದು. 30 ನ್ಯೂಟನ್ ಮೀಟರ್ ಎಂದರೆ ಒಂದಡಿ ಉದ್ದದ ಹಿಡಿಯ ತುದಿಗೆ 10 ಕಿಲೋ ತೂಗಿಬಿಟ್ಟಷ್ಟು ಮಾತ್ರ. ಬಲೆ ಎಳೆದು ಗಟ್ಟಿಯಾದ ತೋಳಿಗೆ ಅದು ಏನೂ ಅಲ್ಲ, ಅದೇ ಅಪಾಯ. ಅಳತೆಯ ಹೆಸರನ್ನೂ ಗಮನಿಸು. ಮ್ಯಾನುಯಲ್‌ನಲ್ಲಿ ನ್ಯೂಟನ್ ಮೀಟರ್ ಇದ್ದು ನಿನ್ನ ರೆಂಚಿನಲ್ಲಿ ಫುಟ್ ಪೌಂಡ್ ಇದ್ದರೆ, ಅದೇ ಅಂಕಿಗೆ ಬಿಗಿದಾಗ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಬಿಗಿದಂತಾಯಿತು. ಕೆಲಸ ಮುಗಿದ ಮೇಲೆ ರೆಂಚಿನ ಸ್ಪ್ರಿಂಗನ್ನು ಅತಿ ಕಡಿಮೆ ಅಂಕಿಗೆ ಇಳಿಸಿಡು.

ಓಡಿಸಿ ನೋಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೇ ಎಂಬುದು ಗ್ಯಾಸ್ಕೆಟ್ಟಿನ ಜಾತಿಯ ಮೇಲೆ ಹೋಗುತ್ತದೆ, ಮ್ಯಾನುಯಲ್ ಹೇಳಿದ್ದರೆ ಮಾಡು. ಎಂಜಿನ್ ಪೂರ್ತಿ ಆರಿದ ಮೇಲೆಯೇ ಮಾಡು. ಬಿಸಿಯಲ್ಲಿ ಹಿಗ್ಗಿದ ಅಲ್ಯೂಮಿನಿಯಂ ಬೋಲ್ಟನ್ನು ಎಳೆದು ಹಿಡಿದಿರುವಾಗ ರೆಂಚು ತೋರಿಸುವುದು ಸುಳ್ಳು. ಮೊದಲ ಓಟದಲ್ಲಿ ಪಕ್ಕದಿಂದ ಚಿಮ್ಮುವ ತಂಪಿನ ನೀರಿನಲ್ಲಿ ಗುಳ್ಳೆಯೋ ಹಬೆಯೋ ಬಂದರೆ, ಪ್ಲಗ್ ಬಿಚ್ಚಿದಾಗ ನೀರಿನ ಹನಿ ಕಂಡರೆ, ದೋಣಿ ಕೊಡಬೇಡ. ಮಾಲೀಕ ಎಷ್ಟೇ ಅವಸರ ಮಾಡಲಿ, ಬಂಗುಡೆ ಬಂದಿದೆ ಎಂದು ಗೋಗರೆಯಲಿ, ಕೊಡಬೇಡ. ಹೊರಡುವಾಗ ಒಂದು ಮಾತು ಹೇಳಿ ಕಳಿಸು: ಪ್ರತಿದಿನ ದಡಕ್ಕೆ ಬಂದಮೇಲೆ ಎಂಜಿನ್ನಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಲಿ.

ಅಂಗಡಿಗೆ ಬೋರ್ಡ್ ಬರೆಸುವ ಮುಂಚೆ ಒಳ್ಳೆಯ ಟಾರ್ಕ್ ರೆಂಚ್ ಒಂದನ್ನು ಕೊಂಡುಕೋ. ಈಗ ಕೈಯಲ್ಲಿ ದುಡ್ಡಿಲ್ಲದಿದ್ದರೆ ನನ್ನದನ್ನು ಒಯ್ಯಿ.