ನೋವಿನ ಗುಳಿಗೆ ಮತ್ತು ಹಿರಿಯರ ಮೂತ್ರಪಿಂಡ



ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಹಳ್ಳಿಯೊಂದರ ಅಜ್ಜನವರು ಹೊಲಕ್ಕೆ ತಿಪ್ಪೆಗೊಬ್ಬರ ಹಾಕಿಸುತ್ತಿದ್ದರು. ವಯಸ್ಸು 68. ಮೊಣಕಾಲು ನೋವೆಂದು ಊರಲ್ಲೇ ಸಿಕ್ಕ ಗುಳಿಗೆಯನ್ನು ದಿನಕ್ಕೆ ಎರಡರಂತೆ ಇಪ್ಪತ್ತು ದಿನ ನುಂಗಿದರು. ಬಿ.ಪಿ. ಗುಳಿಗೆ ಮೊದಲಿನಿಂದಲೂ ಇತ್ತು. ಅದರ ಮೇಲೆ ಎರಡು ದಿನ ವಾಂತಿಭೇದಿ. ನಾನು ನೋಡಲು ಹೋದಾಗ ಕಾಲು ಬಾತಿದ್ದವು. "ಫಾದರ್, ನಿನ್ನೆಯಿಂದ ಒಂದಕ್ಕ ಸರಿಯಾಗಿ ಆಗವಲ್ದು" ಅಂದರು. ದವಾಖಾನೆಯಲ್ಲಿ ರಕ್ತದ ಕ್ರಿಯಾಟಿನಿನ್ 4.8 ಬಂತು. ಸಾಮಾನ್ಯವಾಗಿ ಅದು ಒಂದರ ಆಸುಪಾಸಿನಲ್ಲಿರಬೇಕು.

ಅವರಿಗೆ ಏನಾಯಿತೆಂಬುದನ್ನು ನೀರು ಕಟ್ಟುವ ನಿಮಗೆ ಸುಲಭವಾಗಿ ಹೇಳಬಹುದು. ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸಣ್ಣ ಸೋಸುವ ಮಡಿಗಳಿವೆ. ಮಡಿಗೆ ರಕ್ತ ಒಳಬರುವ ಬಾಯಿ ಒಂದು, ಹೊರಹೋಗುವ ಬಾಯಿ ಒಂದು. ರಕ್ತ ಒತ್ತಡದಿಂದ ತುಂಬಿ ನಿಂತರೆ ಮಾತ್ರ ಸೋಸುವ ಕೆಲಸ ನಡೆಯುತ್ತದೆ. ಬಿಸಿಲಿಗೆ ಬೆವರಿ ದೇಹದ ನೀರು ತಗ್ಗಿದಾಗ, ದೇಹವು ಒಳಬಾಯಿಯನ್ನು ಅಗಲಿಸಿ ಹೇಗೋ ಸಂಭಾಳಿಸುತ್ತದೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳು ಈ ಅಗಲಿಸುವ ಕೆಲಸವನ್ನೇ ತಡೆಯುತ್ತವೆ. ಟೆಲ್ಮಿಸಾರ್ಟಾನ್, ಎನಲಾಪ್ರಿಲ್‌ನಂಥ ಬಿ.ಪಿ. ಗುಳಿಗೆಗಳು ಹೊರಬಾಯಿಯನ್ನು ಸಡಿಲಿಸುತ್ತವೆ. ಬೇರೆ ದಿನಗಳಲ್ಲಿ ಅದು ಮೂತ್ರಪಿಂಡಕ್ಕೆ ಒಳ್ಳೆಯದೇ. ಆದರೆ ಮೇಲಿನ ಬಾಯಿ ಕಟ್ಟಿ, ಕೆಳಗಿನ ಬಾಯಿ ಬಿಟ್ಟು, ಕಾಲುವೆಯಲ್ಲಿ ನೀರೂ ಇಲ್ಲದಿದ್ದರೆ ಮಡಿ ಒಣಗದೆ ಇನ್ನೇನು? ಮೂತ್ರ ಹೆಚ್ಚಿಸುವ ಗುಳಿಗೆಯೂ ಜೊತೆಗಿದ್ದರೆ ಅಪಾಯ ಮತ್ತಷ್ಟು.

ಹಾಗೆಂದು ಬಿ.ಪಿ. ಗುಳಿಗೆಯನ್ನು ನೀವಾಗಿ ಬಿಡಬೇಡಿ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಹತೋಟಿ ತಪ್ಪುವುದೇ ಮೂತ್ರಪಿಂಡ ಕೆಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ. ವಾಂತಿಭೇದಿಯಾದ ದಿನ ಯಾವ ಗುಳಿಗೆ ನಿಲ್ಲಿಸಬೇಕೆಂದು ಡಾಕ್ಟರರನ್ನು ಕೇಳಿರಿ. ಮೊಣಕಾಲಿಗೆ ಬಿಸಿ ಕಾವು, ಮೇಲೆ ಹಚ್ಚುವ ಮುಲಾಮು, ಬೇಕೇಬೇಕಾದರೆ ಡಾಕ್ಟರರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಒಂದು ಎಚ್ಚರಿಕೆ: ಪ್ಯಾರಾಸಿಟಮಾಲ್ ಜೊತೆ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಬೆರೆಸಿದ ಗುಳಿಗೆಗಳೂ ಇವೆ. ಓದಲು ಬರುವ ಮೊಮ್ಮಕ್ಕಳಿಂದ ಚೀಟಿಯ ಹಿಂಭಾಗ ಓದಿಸಿರಿ. ಬೇರು-ಬಳ್ಳಿ ಎಂದರೆ ಅಪಾಯವಿಲ್ಲವೆಂದೂ ತಿಳಿಯಬೇಡಿ. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ವಿಷ ಮೂತ್ರಪಿಂಡವನ್ನು ಕೆಡಿಸುತ್ತದೆ.

ಇನ್ನು ಬಿಸಿಲಿನ ಮಾತು. ಜಹೀರಾಬಾದ್ ಸೀಮೆಯ ಕಬ್ಬು ಕಡಿಯುವವರೂ ತಾಂಡೂರಿನ ಕಲ್ಲು ಗಣಿಯವರೂ ಇದನ್ನು ಗಮನಿಸಬೇಕು. ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡಾರ್ ದೇಶಗಳಲ್ಲಿ ಬಿ.ಪಿ.ಯೂ ಇಲ್ಲದ, ಸಕ್ಕರೆಯೂ ಇಲ್ಲದ ಸಾವಿರಾರು ಕಬ್ಬಿನ ಕೂಲಿಗಳು ಮೂತ್ರಪಿಂಡ ಕೆಟ್ಟು ಸತ್ತರು. ಕಾರಣ ಪೂರ್ತಿ ತೀರ್ಮಾನವಾಗಿಲ್ಲ. ಉರಿಬಿಸಿಲಿನ ದುಡಿಮೆಯ ಮೇಲೆಯೇ ಹೆಚ್ಚಿನ ಗುಮಾನಿ. ಅಲ್ಲಿ ಈಗ ಕೆಲವು ಕಡೆ ನೀರು, ನೆರಳು, ವಿಶ್ರಾಂತಿ ಎಂಬ ನಿಯಮ ಮಾಡಿದ್ದಾರೆ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಆದ್ದರಿಂದ ನೀರಡಿಕೆಗೆ ಕಾಯದೆ ಆಗಾಗ ಕುಡಿಯಿರಿ. ಮೂತ್ರ ತೆಳು ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು. ಕಾಲು ಬಾತವರು, ಹೃದಯದ ತೊಂದರೆಯವರು ಮಾತ್ರ ಡಾಕ್ಟರರು ಹೇಳಿದಷ್ಟೇ ಕುಡಿಯಬೇಕು. ಮೂತ್ರಪಿಂಡ ಈಗಾಗಲೇ ಕೆಟ್ಟವರು ಕೇಳದೆ ಎಳನೀರು ಕುಡಿಯಬಾರದು. ಅದರ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ.

ತಪಸ್ಸುಕಾಲದಲ್ಲಿ ನಮ್ಮ ಕೆಲವು ಅಮ್ಮಂದಿರು ನೀರನ್ನೂ ಬಿಟ್ಟು ಉಪವಾಸ ಮಾಡುತ್ತಾರೆ. ಧರ್ಮಸಭೆ ಅದನ್ನು ಕೇಳಿಲ್ಲ. ನೀರಿನಿಂದ ಉಪವಾಸ ಮುರಿಯುವುದಿಲ್ಲ, 59 ತುಂಬಿದವರಿಗೆ ಉಪವಾಸದ ಕಟ್ಟಳೆಯೇ ಇಲ್ಲ.

ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚೆ ಮೀರಬಾರದು. ರೊಟ್ಟಿಯ ಜೊತೆಯ ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕದಲ್ಲೇ ಬರುತ್ತವೆ. ತಂಬಾಕು ಬಿಡಲೇಬೇಕು.

ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಕೆಟ್ಟರೂ ನೋವಾಗುವುದಿಲ್ಲ. ಆದ್ದರಿಂದ 60 ದಾಟಿದವರು, ಬಿ.ಪಿ., ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಜಹೀರಾಬಾದ್, ನಾರಾಯಣಖೇಡ ಅಥವಾ ತಾಂಡೂರಿಗೆ ಹೋದಾಗ ಸರಕಾರಿ ದವಾಖಾನೆಯಲ್ಲಿ ಎರಡು ಪರೀಕ್ಷೆ ಕೇಳಿರಿ: ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್. ಮೈಯಲ್ಲಿ ಮಾಂಸವಿಲ್ಲದ ತೆಳ್ಳಗಿನ ಅಜ್ಜಿಯರಿಗೆ ಕ್ರಿಯಾಟಿನಿನ್ ಸರಿಯಿದ್ದಂತೆ ಕಂಡರೂ ಮೂತ್ರಪಿಂಡ ಸೋತಿರಬಹುದು. ವಯಸ್ಸು ಸೇರಿಸಿ ಲೆಕ್ಕ ಹಾಕಿದ ಇ.ಜಿ.ಎಫ್.ಆರ್. ಎಷ್ಟೆಂದು ಕೇಳಿರಿ. ಮೂರು ತಿಂಗಳಾದರೂ ಅದು 60ಕ್ಕಿಂತ ಕೆಳಗೇ ಉಳಿದರೆ ಚಿಕಿತ್ಸೆ ಬೇಕು. ನುಂಗುವ ಎಲ್ಲ ಗುಳಿಗೆಗಳ ಚೀಟಿಯನ್ನು ಒಂದು ಚೀಲದಲ್ಲಿ ಒಯ್ಯಿರಿ.

ಆ ಅಜ್ಜನವರಿಗೆ ನೋವಿನ ಗುಳಿಗೆ ನಿಲ್ಲಿಸಿ, ಸಲೈನ್ ಹಾಕಿ, ಡಯಾಲಿಸಿಸ್ ಇಲ್ಲದೆಯೇ ಉಳಿಸಿಕೊಂಡರು. ಈಗ ಗೊಬ್ಬರದ ಕೆಲಸ ಮಗ ನೋಡುತ್ತಾನೆ. ಇವರು ಬೇವಿನ ಮರದ ಕೆಳಗೆ ನೀರಿನ ಕೊಡ ಇಟ್ಟುಕೊಂಡು ಕೂರುತ್ತಾರೆ. ಮೊನ್ನೆ ತೋರಿಸಿದ ಚೀಟಿಯಲ್ಲಿ ಕ್ರಿಯಾಟಿನಿನ್ 1.6 ಇತ್ತು. ಅದಕ್ಕಿಂತ ಕೆಳಗೆ ಇನ್ನು ಇಳಿಯಲಿಕ್ಕಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ.