ಸಮೂಹಧ್ಯಾನ: ಅದರ ಅರ್ಥ ಮತ್ತು ಆಚರಣೆ

ದೇವಾಲಯದ ಜೀರ್ಣೋದ್ಧಾರವೆಂಬುದು ಕೇವಲ ಕಲ್ಲುಗಾರೆಗಳ ಕೆಲಸವಲ್ಲ. ಬಿರುಕುಬಿಟ್ಟ ಗೋಡೆ ಗಟ್ಟಿಯಾಗುತ್ತದೆ, ಸೋರುವ ಮಾಳಿಗೆ ದುರಸ್ತಿಯಾಗುತ್ತದೆ, ಶಿಖರದ ಮೇಲೆ ಹೊಸ ಕಳಸವು ಕಂಗೊಳಿಸುತ್ತದೆ. ಇವೆಲ್ಲವೂ ಆಗತಕ್ಕ ಕೆಲಸಗಳೇ. ಆದರೆ ಕಳಸಾರೋಹಣದ ಸಂಭ್ರಮವು ಮುಗಿದು, ಬಂದ ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ, ಆ ಸಭಾಮಂಟಪದಲ್ಲಿ ಏನು ನಡೆಯಬೇಕೆಂಬುದು ಭಕ್ತಜನರು ವಿಚಾರಿಸತಕ್ಕ ವಿಷಯವಾಗಿದೆ. ಪೂಜೆ, ಭಜನೆ, ಪುರಾಣಶ್ರವಣಗಳು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದಿವೆ. ಇವುಗಳ ಜೊತೆಗೆ ಊರಿನವರು ವಾರಕ್ಕೊಮ್ಮೆಯಾದರೂ ಕೂಡಿ ಕುಳಿತು ಮೌನವಾಗಿ ಧ್ಯಾನಮಾಡುವ ಪದ್ಧತಿಯನ್ನು ಇರಿಸಿಕೊಳ್ಳುವುದು ಎಷ್ಟು ಶ್ರೇಯಸ್ಕರವೆಂಬುದನ್ನೂ, ಅದನ್ನು ನಡೆಸುವ ಕ್ರಮವನ್ನೂ ಈ ಲೇಖನದಲ್ಲಿ ಯಥಾಮತಿ ವಿವರಿಸಲಾಗಿದೆ.

ಧ್ಯಾನದ ಸ್ವರೂಪ

ಧ್ಯಾನವೆಂದರೆ ಕಣ್ಣು ಮುಚ್ಚಿಕೊಂಡು ಕೂಡುವುದೆಂದು ಹಲವರು ತಿಳಿದಿರುವರು. ಕಣ್ಣು ಮುಚ್ಚಿದ ಮಾತ್ರಕ್ಕೆ ಮನಸ್ಸು ಸುಮ್ಮನಾಗುವುದಿಲ್ಲ. ಸಂತೆಯ ಲೆಕ್ಕ, ಹೊಲದ ಬದುವಿನ ತಕರಾರು, ಮಗಳ ಮದುವೆಯ ಚಿಂತೆ ಇವೆಲ್ಲ ಅದೇ ಸಮಯವನ್ನು ಕಾದುಕೊಂಡಿದ್ದಂತೆ ಬಂದು ಮುತ್ತುತ್ತವೆ. ಪತಂಜಲಿ ಮಹರ್ಷಿಗಳು ಚಿತ್ತವನ್ನು ಒಂದೆಡೆಯಲ್ಲಿ ನಿಲ್ಲಿಸುವುದನ್ನು ಧಾರಣೆಯೆಂದೂ, ಆ ನೆಲೆಯಲ್ಲಿ ಅರಿವು ಒಂದೇ ಸಮನೆ ಹರಿಯುವುದನ್ನು ಧ್ಯಾನವೆಂದೂ ಕರೆದಿರುವರು. ಹಿರಿಯರು ಇದಕ್ಕೆ ತೈಲಧಾರೆಯ ಹೋಲಿಕೆಯನ್ನು ಕೊಡುತ್ತಾರೆ. ನೀರು ತೊಟ್ಟುತೊಟ್ಟಾಗಿ ಬಿದ್ದೀತು. ಎಣ್ಣೆಯು ಎಳೆ ಹರಿಯದೆ ಇಳಿಯುತ್ತದೆ.

ಭಗವಾನ್ ಬುದ್ಧನು ಬೋಧಿಸಿದ ಸಾಧನೆಗೆ ಸ್ಮೃತಿ ಎಂದು ಹೆಸರು. ಪಾಳಿಯಲ್ಲಿ ಇದನ್ನೇ ಸತಿ ಎನ್ನುವರು. ಇಲ್ಲಿ ಸ್ಮೃತಿಯೆಂದರೆ ಧರ್ಮಶಾಸ್ತ್ರದ ಗ್ರಂಥವಲ್ಲ, ಕಳೆದುಹೋದುದನ್ನು ನೆನೆಯುವುದೂ ಅಲ್ಲ. ಈಗ ನಡೆಯುತ್ತಿರುವುದನ್ನು ಮರೆಯದಿರುವ ಎಚ್ಚರ. ಸತಿಪಟ್ಠಾನ ಸೂತ್ರದಲ್ಲಿ ಈ ಎಚ್ಚರಕ್ಕೆ ದೇಹ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ನೆಲೆಗಳನ್ನು ಹೇಳಿದೆ. ವೇದನೆಯೆಂದರೆ ಬರಿಯ ನೋವಲ್ಲ, ಸುಖದುಃಖಗಳ ಅನುಭವ; ಧರ್ಮವೆಂದರೆ ಮನಸ್ಸಿನಲ್ಲಿ ತೋರುವ ಸಂಗತಿಗಳು. ಮೊದಲಿನದು ಉಸಿರಿನಿಂದಲೇ ಆರಂಭವಾಗುತ್ತದೆ. ಉಸಿರು ನೀಳವಾಗಿದ್ದರೆ ನೀಳವೆಂದು, ಮೊಟಕಾಗಿದ್ದರೆ ಮೊಟಕೆಂದು ತಿಳಿಯುವುದಷ್ಟೇ ಸಾಧಕನ ಕೆಲಸ. ಮರವನ್ನು ಕಡೆಯುವ ಕುಶಲಿಯು ತಾನು ಉದ್ದವಾಗಿ ಎಳೆದುದನ್ನೂ ಗಿಡ್ಡವಾಗಿ ಎಳೆದುದನ್ನೂ ಅರಿತಿರುವಂತೆ ಎಂದು ಸೂತ್ರದ ಉಪಮೆ. ಉಸಿರನ್ನು ಬಿಗಿಹಿಡಿಯಬೇಕೆಂದು ಅಲ್ಲಿ ಹೇಳಿಲ್ಲ. ಗೀತೆಯ 6ನೆಯ ಅಧ್ಯಾಯವೂ ಇದನ್ನೇ ಬೇರೆ ರೀತಿಯಲ್ಲಿ ತಿಳಿಸುತ್ತದೆ: ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಓಡುವುದೋ ಅಲ್ಲಲ್ಲಿಂದ ಅದನ್ನು ಮರಳಿ ತರಬೇಕು. ಓಡಿತೆಂದು ಮರುಗಬೇಕಾಗಿಲ್ಲ, ಮರಳಿ ತರುವುದೇ ಸಾಧನೆ.

ಕೂಡಿ ಕೂಡುವುದೇಕೆ?

ಇಲ್ಲಿ ಒಂದು ಶಂಕೆಯು ಸಹಜವಾಗಿ ಹುಟ್ಟುತ್ತದೆ. ಯೋಗಿಯು ಏಕಾಂತದಲ್ಲಿ ಒಬ್ಬನೇ ಇದ್ದು ಮನಸ್ಸನ್ನು ಅಣಿಗೊಳಿಸಬೇಕೆಂದು ಅದೇ 6ನೆಯ ಅಧ್ಯಾಯವು ಹೇಳುವುದಲ್ಲವೆ? ಹಾಗಿರುವಾಗ ಹತ್ತು ಜನರು ಕೂಡಿ ಧ್ಯಾನಮಾಡುವುದೆಂತು?

ಒಬ್ಬನ ಹಸಿವನ್ನು ಇನ್ನೊಬ್ಬನು ಉಂಡು ನೀಗಿಸಲಾಗದಂತೆ, ಒಬ್ಬನ ಮನಸ್ಸನ್ನು ಇನ್ನೊಬ್ಬನು ನಿಲ್ಲಿಸಲಾರನು. ಪಂಕ್ತಿಯಲ್ಲಿ ಕುಳಿತರೂ ತುತ್ತು ಅವರವರದೇ. ಆದರೆ ಗೀತೆಯೇ 10ನೆಯ ಅಧ್ಯಾಯದಲ್ಲಿ, ಭಕ್ತರು ಒಬ್ಬರಿಗೊಬ್ಬರು ತಿಳಿಸಿಕೊಡುತ್ತ ಸಂತೋಷದಿಂದಿರುವರೆಂದು ವರ್ಣಿಸಿದೆ. ಧ್ಯಾನವು ಏಕಾಂತದ್ದು, ಅದಕ್ಕೆ ಬೇಕಾದ ನಿಯಮ, ಧೈರ್ಯ, ವಿನಯಗಳು ಸತ್ಸಂಗದಿಂದ ಬರುವಂಥವು.

ಇದಕ್ಕೆ ಅತ್ಯಂತ ಮನೋಹರವಾದ ನಿದರ್ಶನವೊಂದು ಪಾಳಿ ಸೂತ್ರಗಳಲ್ಲಿದೆ. ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳು ಗೋಸಿಂಗವೆಂಬ ಸಾಲವೃಕ್ಷಗಳ ವನದಲ್ಲಿ ವಾಸವಾಗಿದ್ದರು. ಬುದ್ಧನು ಅಲ್ಲಿಗೆ ಬಂದು ಕ್ಷೇಮವನ್ನು ವಿಚಾರಿಸಿದಾಗ, ತಾವು ಹಾಲುನೀರಿನಂತೆ ಬೆರೆತು ಬಾಳುತ್ತಿರುವೆವೆಂದು ಅವರು ಅರಿಕೆಮಾಡಿದರು. ಹೇಗೆಂದು ಕೇಳಲು ಅವರು ಹೇಳಿದ ಸಂಗತಿಗಳು ಬಹಳ ಸಾಮಾನ್ಯವಾದವು. ಭಿಕ್ಷೆಯಿಂದ ಮೊದಲು ಮರಳಿದವನು ಆಸನಗಳನ್ನು ಹಾಸಿ ನೀರನ್ನಿಡುವನು. ಕೊನೆಗೆ ಬಂದವನು ಅವನ್ನು ಎತ್ತಿಟ್ಟು ನೆಲವನ್ನು ಗುಡಿಸುವನು. ನೀರಿನ ಕೊಡವು ಬರಿದಾಗಿರುವುದನ್ನು ಯಾರು ಕಂಡರೋ ಅವರೇ ತುಂಬುವರು. ಒಬ್ಬನಿಂದಾಗದಿದ್ದರೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುವರು, ಅದಕ್ಕಾಗಿ ಮೌನವನ್ನು ಮುರಿಯರು. ಐದು ದಿನಗಳಿಗೊಮ್ಮೆ ಇಡೀ ರಾತ್ರಿ ಕುಳಿತು ಧರ್ಮವಿಚಾರವನ್ನು ಮಾಡುವರು. ಪ್ರತಿಯೊಬ್ಬನೂ ತನ್ನ ಇಷ್ಟವನ್ನು ಬದಿಗಿಟ್ಟು ಜೊತೆಯವರ ಇಷ್ಟದಂತೆ ನಡೆಯುವನು. ಸಮೂಹಸಾಧನೆಯ ಗುಟ್ಟೆಲ್ಲವೂ ಈ ಖಾಲಿ ಕೊಡದಲ್ಲಿದೆ ಎನ್ನಬಹುದು.

ಒಂದು ರಾತ್ರಿಯ ಮೌನ

ಇನ್ನೊಂದು ಕಥೆಯು ಇದಕ್ಕಿಂತ ಗಂಭೀರವಾದುದು. ಮಗಧದ ಅಜಾತಶತ್ರುವು ತಂದೆಯಾದ ಬಿಂಬಿಸಾರನನ್ನು ಕೊಲ್ಲಿಸಿ ಸಿಂಹಾಸನವನ್ನೇರಿದ್ದನು. ಕಾರ್ತಿಕದ ಹುಣ್ಣಿಮೆಯ ರಾತ್ರಿ ಅವನ ಮನಸ್ಸು ಶಾಂತಿಯನ್ನು ಅರಸಿತು. ರಾಜವೈದ್ಯನಾದ ಜೀವಕನ ಮಾತಿನಂತೆ, ಬುದ್ಧನು ತಂಗಿದ್ದ ಮಾವಿನ ತೋಪಿಗೆ ಆನೆಗಳ ಪರಿವಾರದೊಡನೆ ಹೊರಟನು. ತೋಪು ಸಮೀಪಿಸುತ್ತಲೇ ಅವನಿಗೆ ರೋಮಾಂಚನವಾಗುವಷ್ಟು ಭಯವುಂಟಾಯಿತು. ಒಳಗೆ 1250 ಭಿಕ್ಷುಗಳಿರುವರೆಂದು ಜೀವಕನು ಹೇಳಿದ್ದನು. ಆದರೆ ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ, ಪಿಸುಮಾತಿಲ್ಲ! ತನ್ನನ್ನು ಶತ್ರುಗಳ ಕೈಗೆ ಒಪ್ಪಿಸಲು ತಂದಿರುವೆಯಾ ಎಂದು ರಾಜನು ವೈದ್ಯನನ್ನು ಕೇಳಿದನು. ಒಳಗೆ ಹೋಗಿ ನೋಡಲು, ದೀಪಗಳ ಬೆಳಕಿನಲ್ಲಿ ಆ ಸಂಘವು ತಿಳಿಯಾದ ಸರೋವರದಂತೆ ನಿಶ್ಚಲವಾಗಿತ್ತು. ಆಗ ಆ ಪಿತೃಘಾತುಕನ ಬಾಯಿಂದ ಬಂದ ಮೊದಲ ಮಾತು ತನ್ನ ಮಗನ ಕುರಿತದ್ದು: ಕುಮಾರ ಉದಾಯಿಭದ್ರನಿಗೂ ಇಂತಹ ಶಾಂತಿಯುಂಟಾಗಲಿ ಎಂದನು.

ರಾತ್ರಿಯಲ್ಲಿ ಉಪದೇಶವನ್ನು ಕೇಳಿದನು, ತನ್ನ ಪಾಪವನ್ನು ಒಪ್ಪಿಕೊಂಡನು. ಬಳಿಕ ತನಗೆ ಕೆಲಸಗಳು ಬಹಳವಿವೆಯೆಂದು ಹೇಳಿ ಎದ್ದು ಹೊರಟುಹೋದನು. ಮುಂದೆ ಆ ಉದಾಯಿಭದ್ರನೇ ತಂದೆಯನ್ನು ಕೊಂದನೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಒಂದು ರಾತ್ರಿಯ ಮೌನವು ಮನಸ್ಸನ್ನು ತಟ್ಟಬಲ್ಲುದು, ತಿದ್ದಲಾರದು. ದೀರ್ಘಕಾಲ, ತಡೆಯಿಲ್ಲದೆ, ಆದರದಿಂದ ಮಾಡಿದರೆ ಮಾತ್ರ ಅಭ್ಯಾಸವು ನೆಲೆಗೊಳ್ಳುವುದೆಂದು ಪತಂಜಲಿಗಳು ಹೇಳಿರುವುದು ಇದಕ್ಕಾಗಿಯೇ. ಒಬ್ಬನೇ ಇದ್ದರೆ ಈ ಹೊತ್ತು ಕೆಲಸ ಬಹಳವಿದೆ ಎಂದು ಎಲ್ಲರೂ ಅಜಾತಶತ್ರುಗಳಾಗುತ್ತೇವೆ. ನಾಲ್ವರು ನಮಗಾಗಿ ಕಾಯುತ್ತಿರುವರೆಂದರೆ ಕಾಲು ತಾನಾಗಿಯೇ ದೇವಾಲಯದ ಕಡೆಗೆ ತಿರುಗುತ್ತದೆ. ಸಮೂಹವು ನಮಗೆ ಮಾಡುವ ಮಹೋಪಕಾರವಿದು.

ನಮ್ಮ ನಾಡಿನ ನಿದರ್ಶನ

ಈ ಗಡಿನಾಡಿಗೆ ಇದೇನೂ ಹೊಸದಲ್ಲ. ಜತ್ತ ತಾಲೂಕಿನ ಉಮದಿಯ ಶ್ರೀ ಭಾವೂಸಾಹೇಬ ಮಹಾರಾಜರು (1843–1914) ನಿಂಬರಗಿ ಮಹಾರಾಜರ ಶಿಷ್ಯರಾಗಿ ನಾಮಧ್ಯಾನವನ್ನು ಸಾಧಿಸಿ, ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿ, ಸಂಸಾರಿಗಳಾದ ಸಾಮಾನ್ಯಜನರಿಗೂ ನಿತ್ಯನಿಯಮವನ್ನು ಕಲಿಸಿದರು. ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ಗುರುದೇವ ರಾನಡೆಯವರು 1901ರಲ್ಲಿ ಅವರಿಂದಲೇ ನಾಮವನ್ನು ಪಡೆದರು. ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾಗುವ ಮಟ್ಟಿಗೆ ವಿದ್ವತ್ತಿನಲ್ಲಿ ಏರಿದ ಆ ತತ್ತ್ವಜ್ಞರು 1957ರಲ್ಲಿ ದೇಹವಿಟ್ಟುದು ನಿಂಬಾಳವೆಂಬ ಹಳ್ಳಿಯ ಆಶ್ರಮದಲ್ಲಿ. ಈ ಸಂಪ್ರದಾಯದ ಸಪ್ತಾಹಗಳಲ್ಲಿ ಕನ್ನಡ ಮರಾಠಿ ಎರಡೂ ನುಡಿಗಳ ಸಂತರ ಪದಗಳು ಮೊಳಗುತ್ತವೆ. ನಾಮಸ್ಮರಣೆಗೆ ಕುಳಿತಾಗ ಎರಡು ನುಡಿಗಳ ಭೇದವು ಉಳಿಯುವುದಿಲ್ಲ. ಎರಡು ಭಾಷೆಗಳ ಮಧ್ಯದಲ್ಲಿ ಬಾಳುವ ನಮಗೆ ಇದಕ್ಕಿಂತ ಹತ್ತಿರದ ಪಾಠವು ಬೇಕಿಲ್ಲ.

ಈಚಿನ ಕಾಲದಲ್ಲಿ ವೈದ್ಯರೂ ಇದರ ಉಪಯೋಗವನ್ನು ಕಂಡುಕೊಂಡಿರುವರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಲ್ಲಿ ಜಾನ್ ಕಬಟ್-ಜಿನ್ ಎಂಬವರು ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗೆ ಸ್ಮೃತಿಸಾಧನೆಯನ್ನು ಕಲಿಸಲಾರಂಭಿಸಿದರು. ಅದು ಎಂಟು ವಾರಗಳ ಪಾಠಕ್ರಮ. ವಾರಕ್ಕೊಮ್ಮೆ ಎಲ್ಲರೂ ಕೂಡುವುದು, ಉಳಿದ ದಿನಗಳಲ್ಲಿ ಮನೆಯಲ್ಲಿ ಅಭ್ಯಾಸಮಾಡುವುದು. ಕೂಟ ಮತ್ತು ಏಕಾಂತ ಇವೆರಡೂ ಬೇಕೆಂಬುದನ್ನು ಅವರೂ ಮನಗಂಡರು.

ಆಚರಣೆಯ ಕ್ರಮ

ಐದಾರು ಜನರಿದ್ದರೂ ಸಾಕು, ಆರಂಭಿಸಬಹುದು. ವಾರ ಮತ್ತು ವೇಳೆಯನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಮಳೆ ಬಂದರೂ ಬದಲಿಸಬಾರದು. ಒಬ್ಬನೇ ಬಂದಿದ್ದರೂ ಅವನು ದೀಪ ಹಚ್ಚಿ ಕೂಡಬೇಕು. ಸಂಜೆ ದೀಪಾರಾಧನೆಯ ನಂತರದ ಸಮಯವು ರೈತರಿಗೂ ನೌಕರಿಯವರಿಗೂ ಅನುಕೂಲವಾದುದು. ಜಾತಿ ಮತ ಸ್ತ್ರೀಪುರುಷ ಭೇದವು ಇಲ್ಲಿ ಸಲ್ಲದು. ನೆಲದ ಮೇಲೆ ಕೂಡಲಾರದ ವೃದ್ಧರಿಗೆ ಕುರ್ಚಿಯನ್ನು ಹಾಕಬೇಕು. ಆಸನವು ಬಹಳ ಎತ್ತರವೂ ಬಹಳ ತಗ್ಗೂ ಆಗಿರದೆ ಸ್ಥಿರವಾಗಿರಬೇಕೆಂದು ಗೀತೆಯು ಹೇಳಿದುದರ ತಾತ್ಪರ್ಯ ಇದೇ: ದೇಹದ ಬಾಧೆಯು ಮನಸ್ಸಿನ ಕೆಲಸಕ್ಕೆ ಅಡ್ಡಬರಬಾರದು. ಪಾದರಕ್ಷೆಗಳನ್ನು ಹೊರಗೆ ಬಿಡುವಂತೆ ಮೊಬೈಲುಗಳ ಸದ್ದನ್ನೂ ಹೊರಗೇ ಬಿಡಬೇಕು.

ಮೊದಲ ತಿಂಗಳು ಹತ್ತು ನಿಮಿಷ, ಅನಂತರ ಇಪ್ಪತ್ತು, ರೂಢಿಯಾದ ಮೇಲೆ ಅರ್ಧ ಗಂಟೆ ಇಷ್ಟು ಸಾಕು. ಗಂಟೆಯನ್ನು ಒಮ್ಮೆ ಬಾರಿಸಿದೊಡನೆ ಎಲ್ಲರೂ ಬೆನ್ನನ್ನು ನೆಟ್ಟಗಿರಿಸಿ, ತೊಡೆಗಳ ಮೇಲೆ ಕೈಗಳನ್ನು ಸಡಿಲವಾಗಿ ಇಟ್ಟುಕೊಂಡು ಕೂಡಬೇಕು. ಇಷ್ಟದೇವತೆಯ ನಾಮವನ್ನು ಅವಲಂಬಿಸುವವರು ನಾಮವನ್ನು, ಉಸಿರನ್ನು ಅವಲಂಬಿಸುವವರು ಮೂಗಿನ ತುದಿಯಲ್ಲಿ ಸುಳಿಯುವ ಉಸಿರನ್ನು ಗಮನಿಸಲಿ. ಮನಸ್ಸು ಬೇರೆಡೆಗೆ ಹೋದುದು ತಿಳಿದ ಕೂಡಲೇ ಕೋಪವಿಲ್ಲದೆ ಹಿಂದಕ್ಕೆ ಕರೆತರಲಿ. ಮೇಯಲು ಹೋದ ಕರುವನ್ನು ಹೊಡೆಯದೆ ಕೊಟ್ಟಿಗೆಗೆ ಕರೆತರುವಂತೆ. ಮತ್ತೆ ಗಂಟೆಯಾದಾಗ ಒಂದು ಪದವನ್ನು ಹಾಡಿ ಎದ್ದೇಳಬಹುದು. ಜಮಖಾನ ಹಾಸುವುದು, ದೀಪ ಹಚ್ಚುವುದು, ಗಂಟೆ ಬಾರಿಸುವುದು, ಗುಡಿಸುವುದು ಈ ಕೆಲಸಗಳನ್ನು ಸರದಿಯಂತೆ ಎಲ್ಲರೂ ಮಾಡಬೇಕು; ಊರಿನ ಶ್ರೀಮಂತನ ಸರದಿಯಲ್ಲಿ ಅವನ ಆಳು ಗುಡಿಸತಕ್ಕದ್ದಲ್ಲ.

ವಿಘ್ನಗಳು

ವ್ಯಾಧಿ, ಸ್ತ್ಯಾನ, ಸಂಶಯ, ಪ್ರಮಾದ, ಆಲಸ್ಯ, ಅವಿರತಿ, ಭ್ರಾಂತಿದರ್ಶನ, ಅಲಬ್ಧಭೂಮಿಕತ್ವ, ಅನವಸ್ಥಿತತ್ವ ಎಂದು ಯೋಗಸೂತ್ರವು ಒಂಬತ್ತು ಅಂತರಾಯಗಳನ್ನು ಎಣಿಸಿದೆ. ಸಮೂಹಕ್ಕೆ ಇನ್ನು ಮೂರನ್ನು ಸೇರಿಸಬಹುದು. ಮೊದಲನೆಯದು ಪ್ರದರ್ಶನ: ತನಗೆ ಬೆಳಕು ಕಂಡಿತು, ನಾದ ಕೇಳಿತು ಎಂದು ಹೇಳಿಕೊಳ್ಳುವುದು. ಇದರಿಂದ ಹೇಳುವವನಿಗೆ ಗರ್ವವೂ ಕೇಳುವವನಿಗೆ ನಿರಾಶೆಯೂ ಉಂಟಾಗುತ್ತವೆ. ಎರಡನೆಯದು ಯಜಮಾನಿಕೆ: ಯಾರು ಮುಂದೆ ಕೂಡಬೇಕೆಂಬ ಚರ್ಚೆ ಬಂದ ದಿನ ಧ್ಯಾನವು ಹಿಂದೆ ಸರಿಯುತ್ತದೆ. ಮೂರನೆಯದು ಹರಟೆ: ಮೌನದಿಂದ ಎದ್ದವರು ಕಟ್ಟೆಯ ಮೇಲೆ ಕುಳಿತು ಪರನಿಂದೆಗೆ ತೊಡಗಿದರೆ ತುಂಬಿದ ಕೊಡವನ್ನು ಬಾಗಿಲಲ್ಲೇ ಚೆಲ್ಲಿದಂತಾಯಿತು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ತೀವ್ರವಾದ ಮನೋವ್ಯಥೆಯಿಂದಲೋ ನಿದ್ರಾಹೀನತೆಯಿಂದಲೋ ಬಳಲುವವರು ಧ್ಯಾನವನ್ನೇ ಔಷಧವೆಂದು ನಂಬಿ ವೈದ್ಯರನ್ನು ಬಿಡಬಾರದು. ಕುಳಿತಾಗ ಅಂಜಿಕೆ ಹೆಚ್ಚಿದರೆ ಕಣ್ಣು ತೆರೆದು ದೀಪವನ್ನು ನೋಡುತ್ತ ಕೂಡಲಿ, ಇಲ್ಲವೆ ಎದ್ದು ಪ್ರದಕ್ಷಿಣೆ ಬರಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಬದುವಿನ ವ್ಯಾಜ್ಯದಿಂದ ವರ್ಷಗಟ್ಟಲೆ ಮಾತುಬಿಟ್ಟ ಇಬ್ಬರು ಒಂದೇ ಜಮಖಾನದ ಮೇಲೆ ಕುಳಿತರೆ ವ್ಯಾಜ್ಯವು ಅಂದೇ ಬಗೆಹರಿಯುತ್ತದೆಂದು ಹೇಳುವಂತಿಲ್ಲ. ಆದರೆ ತನ್ನ ಕೋಪವು ಏಳುವುದನ್ನು ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದವನು, ಮರುದಿನ ಹೊಲದಲ್ಲಿ ಅದನ್ನು ಗುರುತಿಸಬಲ್ಲನು. ಗುರುತಿಸಿದ ಕೋಪದ ಕೈ ಕುಡುಗೋಲಿನತ್ತ ಬೇಗ ಹೋಗುವುದಿಲ್ಲ. ಮಂಟಪದಲ್ಲಿ ಕಲಿತ ಎಚ್ಚರವು ಮನೆಗೆ, ಹೊಲಕ್ಕೆ, ಅಂಗಡಿಗೆ ನಡೆದುಹೋದರೆ ಮಾತ್ರ ಸಾಧನೆಯು ಸಾರ್ಥಕ.

ಗುಡಿಯ ಕಲ್ಲುಗಳು ಒಂದನ್ನೊಂದು ಆತುಕೊಂಡು ನಿಂತಿರುವುದರಿಂದಲೇ ಶಿಖರವು ನಿಂತಿದೆ. ಹಾಗೆಯೇ ಒಬ್ಬರನ್ನೊಬ್ಬರು ಆತುಕೊಂಡು, ಜೀರ್ಣವಾದ ನಮ್ಮ ಮನಸ್ಸುಗಳನ್ನು ದಿನದಿನವೂ ಉದ್ಧರಿಸಿಕೊಳ್ಳುವ ಶಕ್ತಿಯನ್ನು ಭಗವಂತನು ನಮಗೆಲ್ಲರಿಗೂ ಅನುಗ್ರಹಿಸಲಿ.